ಚುರುಕು ಮೂಗಿನ ಲಾಡ್ಜು

ವಸಂತ ಊದುಬತ್ತಿ ಸಿಕ್ಕಿಸಿದ ಬಿದಿರು ಕೋಲನ್ನು ಮೇಲಕ್ಕೆತ್ತಿದ. ಹೊಗೆಯ ಎಳೆ ಸೂರಿಗಂಟಿದ ಬಿಳಿ ಬಟ್ಟಲನ್ನು ಮುಟ್ಟಿತೋ ಇಲ್ಲವೋ, ಕೆಳಗೆ ಗಂಟೆ ಹೊಡೆಯಿತು.

“ಚುರುಕುಂಟು,” ಎಂದ ವಸಂತ.

“ನಮ್ಮ ಮನ್ಯಾಗ ಎಲ್ಲಾರ ಮೂಗೂ ಚುರುಕ್ರಿ ಸಾಹೇಬ್ರ,” ಎಂದ ವಿರೂಪಾಕ್ಷಪ್ಪ, ನಶ್ಯ ಮೆತ್ತಿದ ಮೂಗನ್ನು ಟವೆಲಿನಿಂದ ಒರೆಸಿಕೊಳ್ಳುತ್ತ.

ಇದು ಮೊದಲನೆಯ ಖೋಲಿ. ನಿಯಮದ ಪ್ರಕಾರ ನಾಲ್ಕನ್ನು ಪರೀಕ್ಷಿಸಿದರೆ ಸಾಕಿತ್ತು.

ವಿರೂಪಾಕ್ಷಪ್ಪ ಬೆಳಗಾವಿಯಲ್ಲಿ ಅರಿವೆ ವ್ಯಾಪಾರ ಮಾಡಿದವನು. ಗೋವಾದ ದಾಬೋಲಿಮ್‌ನಲ್ಲಿ ವಿದೇಶಿಯರ ಚಾರ್ಟರ್ ವಿಮಾನಗಳು ಇಳಿಯತೊಡಗಿದ್ದೇ ತಡ, ನಿಲ್ದಾಣದ ಹತ್ತಿರ ಮೂರು ಅಂತಸ್ತಿನ ಲಾಡ್ಜು ಎಬ್ಬಿಸಿದ. ೧೯೯೧ರ ಸೀಸನ್ನಿಗೆ ಪ್ರವಾಸ ಕಂಪನಿಯೊಂದು ಅವನ ಅಷ್ಟೂ ಖೋಲಿಗಳನ್ನು ಕೇಳಿತ್ತು. ಷರತ್ತು ಒಂದೇ. ಬೆಂಕಿಯ ಎಚ್ಚರಿಕೆ ಗಂಟೆ ಸರಿಯಾಗಿದೆ ಎಂಬ ಪ್ರಮಾಣಪತ್ರ ಬೇಕು. ಕಂಪನಿಯ ಮನುಷ್ಯ ಅಂದೇ ಸಂಜೆ ಐದಕ್ಕೆ ಬರುವವನಿದ್ದ. ಪತ್ರ ಸಿಗದಿದ್ದರೆ ರಸ್ತೆ ದಾಟಿ ಎದುರಿನ ಲಾಡ್ಜಿಗೆ ಹೋಗುವವನಿದ್ದ.

ವಿರೂಪಾಕ್ಷಪ್ಪನಿಗೆ ಬೆಂಕಿಯ ಅಂಜಿಕೆ ಇರಲಿಲ್ಲ. ಎದುರಿನ ಲಾಡ್ಜಿನ ಅಂಜಿಕೆ ಇತ್ತು. “ಕುಡದು ಮಲಗೋ ಮಂದಿಗೆ ಗಂಟಿ ಹೊಡದ್ರೇನು, ಜಾಗಟಿ ಹೊಡದ್ರೇನು,” ಎಂದು ಹೆಂಡತಿಯ ಮುಂದೆ ನಕ್ಕಿದ್ದ. ಆದರೂ ಮುಂಬಯಿಯಿಂದ ಹೊಗೆ ಹಿಡಿಯುವ ಬಟ್ಟಲುಗಳು ಬಂದವು. ಬಡಿಗನೊಬ್ಬನೇ ಅರ್ಧ ದಿನದಲ್ಲಿ ಅಷ್ಟನ್ನೂ ಕೂಡಿಸಿ, ಇಷ್ಟು ಹಗುರ ಕೆಲಸ ತಾನು ಕಂಡೇ ಇಲ್ಲವೆಂದು ಹೊಗಳಿ ಹೋಗಿದ್ದ.

ಪರೀಕ್ಷಕ ವಸಂತನನ್ನು ಕಂಡ ಮೇಲಂತೂ ವಿರೂಪಾಕ್ಷಪ್ಪನ ಉಳಿದ ಅಳುಕೂ ಕಳೆಯಿತು. ಕಾರವಾರದ ಕಡೆಯ ಬಡಕಲು ಆಳು. ಬಸ್ಸಿನಲ್ಲಿ ಬಂದಿದ್ದ. ಚಪ್ಪಲಿಗೆ ಎರಡು ಕಡೆ ಹೊಲಿಗೆ. ಊರೂರು ತಿರುಗಿ ಸೂರಿಗೆ ಊದುಬತ್ತಿ ಬೆಳಗುವುದೇ ಇವನ ಸರಕಾರಿ ನೌಕರಿ. ದೇವರಿಲ್ಲದ ಪೂಜಾರಿ ಎಂದುಕೊಂಡ ವಿರೂಪಾಕ್ಷಪ್ಪ.

ಮೆಟ್ಟಿಲ ಬುಡದ ಆಫೀಸಿನಲ್ಲಿ ಗೋಡೆಗೆ ಕೆಂಪು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗಂಟೆ. ಅದರ ಮಗ್ಗುಲಲ್ಲಿ ವಿರೂಪಾಕ್ಷಪ್ಪನ ಹೆಂಡತಿ ನೀಲಗಂಗಾ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ಬರುವಾಗಲೇ ವಸಂತ ಅವಳನ್ನು ನೋಡಿದ್ದ.

“ಆಕಿ ಅಲ್ಲಿಂದ ಕದಲಂಗಿಲ್ರಿ,” ಎಂದಿದ್ದ ವಿರೂಪಾಕ್ಷಪ್ಪ. “ಗಂಟಿ ಹೊಡದ್ರ ಮಂದೀನ ಎಬ್ಬಸಾಕ ಒಬ್ಬರು ಬೇಕಲ್ಲ?”

“ಇಷ್ಟು ಕಾಳಜಿ ಪಣಜಿಯ ದೊಡ್ಡ ಹೋಟೆಲಿನಲ್ಲೂ ಇಲ್ಲ,” ಎಂದು ವಸಂತ ಮೆಚ್ಚಿದ್ದ.

ಎರಡನೆಯ ಖೋಲಿ. ಕೋಲು ಮೇಲೇರಿತು. ವಿರೂಪಾಕ್ಷಪ್ಪ ಡಬ್ಬಿ ತೆರೆದು ಚಿಟಿಕೆ ನಶ್ಯ ಏರಿಸಿದ.

“ಹೊಗೆ ಚದುರುತ್ತದೆ ರಾಯರೇ. ಸೀನುವುದಾದರೆ ಅತ್ತ ತಿರುಗಿ.”

ವಿರೂಪಾಕ್ಷಪ್ಪ ವಿಧೇಯನಾಗಿ ಬಾಗಿಲಾಚೆ ಮುಖ ಮಾಡಿ ಮೆಟ್ಟಿಲ ಕಡೆಗೆ ಎರಡು ಸಲ ಸೀನಿದ. ಅತಿಥಿಗಳನ್ನು ಹೆದರಿಸಬಲ್ಲ ಸೀನುಗಳು. ವಸಂತ ಮೂಗು ಮುಚ್ಚಿಕೊಂಡ. ಗಂಟೆ ಹೊಡೆಯಿತು.

“ಬಟ್ಟಲೊಳಗೆ ಸಣ್ಣಗೆ ವಿದ್ಯುತ್ ಹರಿಯುತ್ತಿರುತ್ತದೆ,” ಎಂದ ವಸಂತ, ಬರೆದುಕೊಳ್ಳುತ್ತ. “ಹೊಗೆ ಹೊಕ್ಕರೆ ಅದು ಕುಗ್ಗುತ್ತದೆ. ಆಗ ಕೆಳಗಿನ ಪೆಟ್ಟಿಗೆಗೆ ಗೊತ್ತಾಗಿ ಗಂಟೆ ಹೊಡೆಯುತ್ತದೆ. ಬೇರೆ ಕಡೆ ಇದಕ್ಕೆಲ್ಲ ಅರ್ಧ ನಿಮಿಷವಾದರೂ ಬೇಕು.”

“ನಮ್ಮದು ಫಸ್ಟ್ ಕ್ವಾಲಿಟಿ ಮಾಲ್ರಿ.”

“ಹಾಗೇ ಕಾಣುತ್ತದೆ. ನೀವು ಯಾವಾಗಲೂ ಎರಡೇ ಸೀನುವುದಾ?”

“ಒಂಟಿ ಸೀನು ಅಪಶಕುನ ಅಲ್ರಿ? ಅದಕ್ಕ ಜೋಡಿ.”

“ಅದು ಹೌದು,” ವಸಂತ ಗಂಭೀರನಾದ. “ನಮ್ಮ ಅಜ್ಜಿ ಒಂಟಿ ಸೀನು ಕೇಳಿದರೆ ಹೊಸ್ತಿಲು ದಾಟುತ್ತಿರಲಿಲ್ಲ. ನಾನೂ ಹಾಗೇ.”

ಓದಿದವನಂತೆ, ಪರೀಕ್ಷಕನಂತೆ! ವಿರೂಪಾಕ್ಷಪ್ಪ ಟವೆಲಿನೊಳಗೆ ನಕ್ಕ.

ಮೂರನೆಯದೂ ಪಾಸಾಯಿತು. ಮೂರನೆಯ ಅಂತಸ್ತಿನ ಕಡೆಯ ಖೋಲಿ ನಾಲ್ಕನೆಯದು, ಅದೂ ಆಯಿತು. ವಸಂತ ಊದುಬತ್ತಿಯನ್ನು ಗಾಜಿನ ಲೋಟದ ನೀರಿಗೆ ಅದ್ದಿದ. ಅದು ಚುಂಯ್ ಎಂದು ಸತ್ತಿತು. ಅಲ್ಲೇ ಮೇಜಿನ ಮೇಲೆ ಪ್ರಮಾಣಪತ್ರ ಹಾಸಿ, ಎಲ್ಲ ತುಂಬಿ, ಪೆನ್ನನ್ನು ಸಹಿಯ ಜಾಗಕ್ಕೆ ತಂದ. ಗಡಿಯಾರದಲ್ಲಿ ನಾಲ್ಕೂವರೆ.

ಇಲ್ಲಿಯವರೆಗೆ ಏರಿಸಿದ ನಶ್ಯಕ್ಕೆ ಕೆಲಸ ಮುಗಿದದ್ದು ಗೊತ್ತಿರಲಿಲ್ಲ. ವಿರೂಪಾಕ್ಷಪ್ಪ ಸೀನಿದ.

ಒಂದೇ.

ಪೆನ್ನು ನಿಂತಿತು. “ಇನ್ನೊಂದು ಸೀನಿ, ರಾಯರೇ.”

“ಬರವಲ್ದ್ರಿ. ನೀವು ಬರೀರಿ.”

“ಒಂಟಿ ಸೀನಿನ ಮೇಲೆ ಸಹಿಯೇ? ಬೇಡಪ್ಪ.” ವಸಂತ ಪೆನ್ನಿನ ಟೊಪ್ಪಿಗೆ ಹಾಕಿದ. “ನಾಳೆ ಬರುತ್ತೇನೆ. ಅವಸರ ಏನುಂಟು?”

“ಸಾಹೇಬ್ರ, ಇಂಥಾದ್ದೆಲ್ಲ ಈಗಿನ ಕಾಲದಾಗ ಯಾರು ನಂಬ್ತಾರ್ರಿ?”

“ನೀವೇ ಅಲ್ಲವಾ ಹೇಳಿದ್ದು?”

ವಿರೂಪಾಕ್ಷಪ್ಪ ಬಾಗಿಲ ಕಡೆ ನೋಡಿದ. ಗಡಿಯಾರ ನೋಡಿದ. ವಸಂತ ಬಿದಿರು ಕೋಲನ್ನು ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿಕೊಂಡ. ಕಿಟಕಿಯಾಚೆ ಎದುರಿನ ಲಾಡ್ಜಿನವನು ತನ್ನ ಬೋರ್ಡು ಒರೆಸುತ್ತಿದ್ದ.

“ತಡೀರಿ,” ಎಂದ ವಿರೂಪಾಕ್ಷಪ್ಪ. ಬಾಗಿಲು ಮುಚ್ಚಿ, ಟವೆಲನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಮೂಗನ್ನು ಹುಗಿದು, ಬೆಕ್ಕಿನ ಮರಿಯಷ್ಟು ಸಣ್ಣಗೆ ಸೀನಲು ನೋಡಿದ. ಆದರೆ ನಾಲ್ಕು ಚಿಟಿಕೆ ತಿಂದ ಮೂಗು ಮಾತು ಕೇಳಲಿಲ್ಲ. ಸೀನು ಟವೆಲನ್ನು ಹಾದು, ಬಾಗಿಲನ್ನು ಹಾದು, ಮೂರು ಅಂತಸ್ತು ಇಳಿದುಹೋಯಿತು.

“ಈಗ ಶುಭ,” ಎಂದು ವಸಂತ ಪೆನ್ನು ತೆರೆದ.

ಗಂಟೆ ಹೊಡೆಯಿತು.

ವಸಂತ ಸೂರನ್ನು ನೋಡಿದ. ಆಮೇಲೆ ಲೋಟದಲ್ಲಿ ಮುಳುಗಿದ್ದ ಊದುಬತ್ತಿಯನ್ನು ನೋಡಿದ. ಆಮೇಲೆ ವಿರೂಪಾಕ್ಷಪ್ಪನ ಮೂಗನ್ನು ನೋಡಿದ. ಹೋಗಿ ನಿಧಾನವಾಗಿ ಬಾಗಿಲು ತೆರೆದ. ಮೆಟ್ಟಿಲ ಬುಡದಿಂದ ನೀಲಗಂಗಾಳ ದನಿ ಸ್ಪಷ್ಟವಾಗಿ ಮೇಲೇರಿ ಬಂತು:

“ರೀ, ನಾಕ್ ಸಲ ಅಂದಿದ್ರಿ, ಇದು ಐದನೇ ಜೋಡಿ ಸೀನಾತು! ಇನ್ನೂ ಎಷ್ಟು ಸರ್ತಿ ಗುಂಡಿ ಒತ್ತಲಿ?”