ಅಸುಂಡಿಯ ಮೇಲೊಂದು ಸುತ್ತು

ಹೆಲಿಕಾಪ್ಟರಿನ ರೆಕ್ಕೆ ಗಿರ್ರನೆ ತಿರುಗತೊಡಗಿತ್ತು. ಗುರುಸಿದ್ದವ್ವ ಸೆರಗು ಬಿಗಿಹಿಡಿದು ಗಂಡನಿಗೆ ಅಡ್ಡ ನಿಂತಳು.

“ಡಾಕ್ಟರ್ ಏನ ಹೇಳ್ಯಾರ, ನೆನಪೈತಿಲ್ರಿ?”

“ಮೆಟ್ಟಲ ಹತ್ತಬ್ಯಾಡ ಅಂದಾರ,” ಎಂದರು ಮುದಕಪ್ಪ. “ಹೆಲಿಕಾಪ್ಟರ್ ಹತ್ತಬ್ಯಾಡ ಅಂದಿಲ್ಲ.”

ಎಂಬತ್ತು ದಾಟಿದ ಮನುಷ್ಯ. ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬರ್ ಹಾರಿಸಿ, ಉರಿಯುವ ಎಂಜಿನ್ನಿನೊಂದಿಗೇ ಮರಳಿ ಬಂದು ವೀರಚಕ್ರ ಪಡೆದವರು. ನಿವೃತ್ತರಾಗಿ ಬೆಟಗೇರಿ ಸೇರಿದ ಮೇಲೆ ನೆಲ ಬಿಟ್ಟು ಎದ್ದಿರಲಿಲ್ಲ. ಗದಗಿನ ಮೈದಾನಕ್ಕೆ ಜನರನ್ನು ಸುತ್ತಾಡಿಸುವ ಹೆಲಿಕಾಪ್ಟರ್ ಬಂದಿದೆ ಎಂದು ಕೇಳಿದಾಗಿನಿಂದ ಅವರಿಗೆ ರೊಟ್ಟಿ ಸೇರಿರಲಿಲ್ಲ.

ಗುರುಸಿದ್ದವ್ವ ಸೋತಳು. ಸೋತವಳು ತಾನೂ ಹತ್ತಿದಳು. ಪೈಲಟ್ ಅಮೀರಾ ಎಂಬ ತರುಣಿ. ಈ ಹಿರಿಯರು ಯಾರೆಂದು ಗುರುಸಿದ್ದವ್ವ ಕೂಗಿ ಹೇಳಿದ್ದೇ ತಡ, ಕೂತಲ್ಲಿಂದಲೇ ಸೆಲ್ಯೂಟ್ ಹೊಡೆದು ಅವರನ್ನು ತನ್ನ ಪಕ್ಕಕ್ಕೆ ಕರೆಸಿಕೊಂಡಳು.

ಮೈದಾನ ಕೆಳಗೆ ಜಾರಿತು. ಹಿಂದೆ ಕೂತ ಗುರುಸಿದ್ದವ್ವ ಸೀಟಿನ ಅಂಚು ಹಿಡಿದುಕೊಂಡಳು. ಮುದಕಪ್ಪ ಗಾಜಿಗೆ ಮೂಗು ಹಚ್ಚಿ ಅಗೋ ಸ್ಟೇಷನ್, ಅಗೋ ನಮ್ಮ ಓಣಿ, ಅಗೋ ನಾನು ಹುಟ್ಟಿದ ಅಸುಂಡಿ ಎಂದು ಒಂದೇ ಸಮನೆ ತೋರಿಸುತ್ತಿದ್ದರು. ಅಸುಂಡಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ತಲೆಯೆತ್ತಿ ಕೈ ಬೀಸಿದರು. ಮುದಕಪ್ಪ ಎರಡೂ ಕೈ ಬೀಸಿದರು. ಊರು ಹಿಂದೆ ಸರಿದರೂ ಬೀಸುತ್ತಲೇ ಇದ್ದರು.

ಆಮೇಲೆ ಗುರುಸಿದ್ದವ್ವನ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವರ ದನಿ ಬಂತು.

“ಆವಾಗ ರಾತ್ರಿ ಹಾರತಿದ್ವಿ, ಗುರುಸಿದ್ದಿ. ಕೆಳಗ ಬರೇ ಬೆಂಕಿ ಕಾಣತಿತ್ತು. ಮಂದಿ ಕಂಡಿದ್ದಿಲ್ಲ.”

ಗುರುಸಿದ್ದವ್ವ ಹಿಂದಿನಿಂದ ಅವರ ಹೆಗಲ ಮೇಲೆ ಕೈಯಿಟ್ಟಳು.

ಮನೆಗೆ ಬಂದ ಮುದಕಪ್ಪ ಕೂರಲೊಲ್ಲರು. ಓಣಿಯ ನೇಕಾರರನ್ನೆಲ್ಲ ಮಗ್ಗದಿಂದ ಎಬ್ಬಿಸಿ ಕರೆದು, ಅಂಗೈಯನ್ನೇ ಹೆಲಿಕಾಪ್ಟರ್ ಮಾಡಿ ಹಾರಿಸಿ ತೋರಿಸಿದರು. ಆ ಹೆಂಗಸರು ಯಾರ ಮನೆಯವರೋ, ನಾಳೆಯೇ ಅಸುಂಡಿಗೆ ಹೋಗಿ ಮಾತಾಡಿಸಿ ಬರಬೇಕು ಎಂದರು. ಗುರುಸಿದ್ದವ್ವ ಚಹಾ ತರುವಷ್ಟರಲ್ಲಿ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಮುಖದಲ್ಲಿ ಇನ್ನೂ ನಗುವಿತ್ತು, ಉಸಿರಿರಲಿಲ್ಲ.

ಮರುದಿನ ಸೈನಿಕರು ಬಂದು ಧ್ವಜ ಹೊದಿಸಿದರು. ಪತ್ರಕರ್ತನೊಬ್ಬ ಗುರುಸಿದ್ದವ್ವನ ಬಳಿ ಬಂದು, ಯುದ್ಧದಲ್ಲಿ ಸಾಹೇಬರು ಮಾಡಿದ ಸಾಹಸದ ಬಗ್ಗೆ ಎರಡು ಮಾತು ಹೇಳಬೇಕೆಂದು ಮೆಲ್ಲಗೆ ಕೇಳಿದ.

“ಅದು ನಿಮಗ ಗೊತ್ತ ಐತಿ,” ಎಂದಳು ಗುರುಸಿದ್ದವ್ವ. “ನಿನ್ನಿ ಹೊಲದಾಗಿನ ಮಂದಿ ಇವರನ್ನ ನೋಡಿ ಕೈ ಬೀಸಿದ್ರು. ಅದನ್ನ ಬರಕೊಳ್ರಿ.”