ಮೂವತ್ತೊಂದು ಪತಂಗ

ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಯ ಉದ್ದನೆಯ ಪ್ಲಾಸ್ಟಿಕ್ ಚೀಲ ಬಿಚ್ಚಿ, ಇಂದುಜಾ ಸತ್ತ ಪತಂಗಗಳನ್ನು ಕಾಗದದ ಮೇಲೆ ಒಂದೊಂದಾಗಿ ಎಣಿಸಿದಳು. ಮೂವತ್ತೊಂದು.

“ಅವ್ವಾ, ಇವು ಕಾಯಿಕೊರಕದವು. ಈಗ ಮೊಟ್ಟೆ ಇಡೋ ಕಾಲ. ಕಾಯಲ್ಲಿ ತೂತು ಕಾಣೋ ಹೊತ್ತಿಗೆ ತಡವಾಗಿರುತ್ತೆ. ಎರಡು ದಿನದೊಳಗೆ ಮದ್ದು ಹೊಡೀರಿ.”

ಮುತ್ತಮ್ಮಾಳ್ ತನ್ನ ಕಡಲೆ ಹೊಲದ ಕಡೆ ತಿರುಗಲೂ ಇಲ್ಲ. “ಡಬ್ಬಿಯೊಳಗೆ ಹೆಣ್ಣಿನ ವಾಸನೆ ಇಟ್ಟವಳು ನೀನು. ಗಂಡು ಬಂದವು ಅಂತ ಎಣಿಸೋವಳೂ ನೀನೇ. ಮದ್ದಿನಂಗಡಿಯವನು ನಿನಗೆ ಏನಾಗಬೇಕು ಮಗಳೇ?”

ಇಂದುಜಾ ನಕ್ಕಳು. ಮಡತ್ತುಕುಳಂ ಸುತ್ತಿನ ರೈತರಿಗೆ ಚಳಿಗಾಲದ ಬೆಳೆಯ ಸಲಹೆ ಕೊಡುವ ಅವಳಿಗೆ ಈ ಪ್ರಶ್ನೆ ಹೊಸದಲ್ಲ. “ಹಂಗಿದ್ದರೆ ಎಲ್ಲರಿಗೂ ಹೊಡೀರಿ ಅಂತಿದ್ದೆ. ಪಕ್ಕದ ಗೋವಿಂದಸಾಮಿಯವರ ಬಲೆಯಲ್ಲಿ ಎರಡೇ ಇದ್ದವು. ಅವರಿಗೆ ಬೇಡ ಅಂದೆ.”

ಮುತ್ತಮ್ಮಾಳ್ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಬಲೆಯೇ ಹುಳುಗಳನ್ನು ಕರೆಯುತ್ತದೆ ಎಂಬ ಗುಮಾನಿಯಿಂದ ಅವಳು ವಾರದಿಂದ ಮುಸ್ಸಂಜೆಗೆ ಅದನ್ನು ಕಿತ್ತು, ಮೈದುನ ಗೋವಿಂದಸಾಮಿಯ ಹೊಲದ ಆಚೆ ಮೂಲೆಯಲ್ಲಿ ನೆಟ್ಟು, ಬೆಳಕು ಹರಿಯುವ ಮುಂಚೆ ವಾಪಸು ತರುತ್ತಿದ್ದಳು. ಮೂವತ್ತೊಂದೂ ಅವನ ಹೊಲದವು. ಹಾಗಾದರೆ ಅವನ ಬಲೆಗೆ ಎರಡೇ ಹೇಗೆ?

ಇಂದುಜಾ ಹೋದ ಮೇಲೆ ಮುತ್ತಮ್ಮಾಳ್ ತನ್ನ ಹೊಲ ಸುತ್ತಿದಳು. ದೂರದ ತುದಿಯ ಕರಿಮಣ್ಣಿನಲ್ಲಿ, ತಾನು ನೆಡದ ಕೋಲಿನ ತೂತೊಂದು ಕಂಡಿತು.

ಸಂಜೆ ಬದುವಿನ ಮೇಲೆ ಕಾದು ಕೂತಳು. ಹೆಗಲ ಮೇಲೆ ತನ್ನ ಬಲೆ ಹೊತ್ತು ಬಂದ ಗೋವಿಂದಸಾಮಿ ಅವಳನ್ನು ಕಂಡು ನಿಂತ.

“ನನ್ನ ಹೊಲಕ್ಕೆ ತಾನೆ?”

“ಸುಮ್ಮನೆ ಹೊರಟೆ ಅತ್ತಿಗೆ.”

“ಕೇಳು ಗೋವಿಂದಾ. ನಾನೂ ನನ್ನದನ್ನ ನಿನ್ನ ಹೊಲದಲ್ಲಿ ನೆಡ್ತಿದ್ದೆ. ನಿನ್ನ ಬಲೆಗೆ ಬಿದ್ದ ಆ ಎರಡು ನನ್ನ ಹೊಲದವು, ನನ್ನ ಬಲೆಗೆ ಬಿದ್ದ ಮೂವತ್ತೊಂದು ನಿನ್ನ ಹೊಲದವು. ನಾಳೆಯೇ ಮದ್ದು ಹೊಡಿ. ಇಲ್ಲದಿದ್ದರೆ ಕಾಳು ಮನೆಗೆ ಬರಲ್ಲ.”

ಅವನು ತನ್ನ ಹೊಲ ನೋಡಿದ. ಹೂವು ತುಂಬಿ, ಒಂದೆಲೆಯೂ ಕೆಡದೆ ನಿಂತಿತ್ತು. ಆಮೇಲೆ ಅವಳನ್ನು ನೋಡಿದ, ಬೆಳಗ್ಗೆ ಅವಳು ಇಂದುಜಾಳನ್ನು ನೋಡಿದ ಹಾಗೆಯೇ.

“ಇಷ್ಟು ವರ್ಷ ಕಾಲುವೆ ನೀರಿನ ಸರದಿ ಒಂದು ಗಳಿಗೆ ಬಿಟ್ಟುಕೊಡದವಳು ನೀನು. ಇವತ್ತು ನನ್ನ ಕಡಲೆಗೆ ಯಾಕೆ ಇಷ್ಟು ಮರುಗ್ತೀಯ ಅತ್ತಿಗೆ?”

ಮುತ್ತಮ್ಮಾಳ್ ಅಂದು ತನ್ನ ಬಲೆಯನ್ನು ತನ್ನ ಹೊಲದ ನಡುವೆಯೇ ಬಿಟ್ಟು ಮನೆಯ ದಾರಿ ಹಿಡಿದಳು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ, ಅವಳ ಹೊಲದಲ್ಲಿ ಎರಡು ಬಲೆಗಳು ಅಕ್ಕಪಕ್ಕ ತೂಗಾಡುತ್ತಿದ್ದವು.