ಸೂಜಿ ಕೇಳಿದ ಹೊತ್ತು

"ಪೂನಮ್, ಮತ್ತ ಸೂಜಿ ಕೊಡು" ಎಂದು ಡಾಕ್ಟರ್ ಶುಭದಾ ಪಕ್ಕದಲ್ಲಿದ್ದ ಸಿಸ್ಟರ್‌ಗೆ ಹೇಳಿದರು. ಹಸಿರು ಬಟ್ಟೆಯ ಕೆಳಗೆ ಮಲಗಿದ್ದ ಪದ್ಮವ್ವನ ಎದೆ ಧಸಕ್ಕೆಂದಿತು.

ಬೇರೆ ಯಾವ ಪೇಶೆಂಟೂ ಆ ಮಾತಿಗೆ ಹೆದರುತ್ತಿರಲಿಲ್ಲ. ಆದರೆ ಪದ್ಮವ್ವ ಜಮಖಂಡಿಯ ಇದೇ ಕಣ್ಣಿನ ಆಸ್ಪತ್ರೆಯಲ್ಲಿ, ಇದೇ ಮೇಜಿನ ಪಕ್ಕ ಮೂವತ್ತೊಂದು ವರ್ಷ ನಿಂತು ಡಾಕ್ಟರರ ಕೈಗೆ ಸಲಕರಣೆ ಕೊಟ್ಟ ಸಿಸ್ಟರ್. ಕಣ್ಣಿನ ಪೊರೆ ತೆಗೆಯುವಾಗ ಪೊರೆಯ ಮೇಲಿನ ತೆಳು ಚೀಲಕ್ಕೆ ಮೊದಲು ನೀಲಿ ಬಣ್ಣ, ಆಮೇಲೆ ಸೂಜಿಯಿಂದ ಒಂದು ತೂತು, ಆಮೇಲೆ ಫೋರ್ಸೆಪ್ಸ್ ಚಿಮಟದಿಂದ ಚೀಲವನ್ನು ದುಂಡಗೆ ಹರಿದು ತೆಗೆಯುವುದು. ದುಂಡಗೆ ಬಂದರೆ ಮುಂದೆ ಕೇಳುವುದು ನೀರಿನ ಸಿರಿಂಜು. ಮತ್ತೆ ಸೂಜಿ ಕೇಳಿದರೆಂದರೆ ಸೀಳು ದಾರಿ ತಪ್ಪಿ ಅಂಚಿನತ್ತ ಓಡಿದೆ. ಇನ್ನು ಹಳೆಯ ಕಾಲದವರಂತೆ ಸುತ್ತಲೂ ಚುಚ್ಚಿ ಚುಚ್ಚಿ, ಡಬ್ಬಿಯ ಮುಚ್ಚಳ ಕೊರೆದ ಹಾಗೆ ತೆರೆಯಬೇಕು. ಅಷ್ಟರಲ್ಲಿ ಸೀಳು ಹಿಂಬದಿಗೆ ಹೊರಳಿದರೆ ಕಣ್ಣು ಹೋದಂತೆಯೇ. ಬಲಗಣ್ಣನ್ನು ಗ್ಲಾಕೋಮಾ ತಿಂದು ಆರು ವರ್ಷವಾಗಿತ್ತು. ಪದ್ಮವ್ವನಿಗೆ ಉಳಿದದ್ದು ಇದೊಂದೇ.

"ಬೆಳಗಾವಿಗೆ ಹೋಗ್ರಿ ಅಕ್ಕಾ, ನನಗ ಅಂಜಿಕಿ ಬರ್ತೈತಿ" ಎಂದು ಶುಭದಾ ಎರಡು ಸಲ ಹೇಳಿದ್ದರು. ನೀವೇ ಮಾಡಬೇಕೆಂದು ಹಟ ಹಿಡಿದವಳು ಇವಳೇ.

ಮರಗಟ್ಟಿಸುವ ಇಂಜೆಕ್ಷನ್ನನ್ನು ಕಣ್ಣಿಗೆ ಕೊಟ್ಟಿದ್ದರು, ಕಿವಿಗೆ ಕೊಟ್ಟಿರಲಿಲ್ಲ. ಶುಭದಾ ಉಸಿರು ಹಿಡಿದದ್ದು ಅವಳಿಗೆ ಕೇಳಿಸಿತು.

"ಎಲ್ಲಾ ಛಲೋ ನಡದೈತಿ, ಅಕ್ಕಾ." ದನಿ ತುಸು ಹೆಚ್ಚೇ ಮೆತ್ತಗಿತ್ತು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಪದ್ಮವ್ವನಿಗೆ ಭಯವಾಯಿತು, ಎದ್ದು ಕೂತುಬಿಡಬೇಕೆನ್ನುವಷ್ಟು ಭಯ. ಆದರೆ ತನಗೆ ಗೊತ್ತಾಗಿದೆ ಎಂದು ಒಂದು ಮಾತು ಆಡಿದರೂ ಸೂಜಿ ಹಿಡಿದ ಶುಭದಾರ ಕೈ ತಪ್ಪೀತು. ಹೊಟ್ಟೆಯ ಮೇಲಿದ್ದ ಕೈಗಳನ್ನು ಒಂದಕ್ಕೊಂದು ಬಿಗಿದುಕೊಂಡಳು.

"ಹೂಂರಿ ಡಾಕ್ಟರ್ ಬಾಯಾರ, ಸಾವಕಾಶ ಮಾಡ್ರಿ. ನನಗೇನೂ ಗೊತ್ತಾಗವಲ್ದು" ಎಂದಳು.

ಸೂಜಿ ಎಷ್ಟು ಹೊತ್ತು ನಡೆಯಿತೋ. ಕಡೆಗೆ "ಲೆನ್ಸ್ ಕೊಡು" ಎಂಬ ಮಾತು, ಪೊರೆ ಸರಿಯಾಗಿ ತೆಗೆದ ಮೇಲಷ್ಟೇ ಬರುವ ಮಾತು, ಕಿವಿಗೆ ಬಿದ್ದಾಗ ಅವಳ ಬೆರಳುಗಳು ಸಡಿಲಾದವು.

ಮರುದಿನ ಬೆಳಿಗ್ಗೆ ಶುಭದಾ ತಾವೇ ಬಂದು ಪಟ್ಟಿ ಬಿಚ್ಚಿದರು. ಪದ್ಮವ್ವನಿಗೆ ಮೊದಲು ಬೆಳಕು ಕಂಡಿತು, ಆಮೇಲೆ ಶುಭದಾರ ಮುಖ, ಕೆಂಪಗೆ ಊದಿಕೊಂಡ ಕಣ್ಣುಗಳು.

"ಕಾಣ್ತೈತೇನ್ರಿ, ಅಕ್ಕಾ?"

"ಕಾಣ್ತೈತ್ರಿ. ರಾತ್ರಿ ನಿದ್ದಿ ಮಾಡಿಲ್ಲ ನೀವು."

ಶುಭದಾ ತಲೆ ತಗ್ಗಿಸಿದರು. "ನಿಮಗ ಸುಳ್ಳ ಹೇಳಿದೆ. ನಡುವ ಹರದಿತ್ತು."

"ಗೊತ್ತಿತ್ರಿ. ಸೂಜಿ ಕೇಳಿದಾಗನ ಗೊತ್ತಾತು."

"ಗೊತ್ತಿದ್ದೂ ಹೂಂ ಅಂದ್ರೇನ್ರಿ?"

ಪದ್ಮವ್ವನ ಕಣ್ಣಲ್ಲಿ ನೀರು ತುಂಬಿತು. ಒರೆಸಲು ಹೋದ ಅವಳ ಕೈಯನ್ನು ಶುಭದಾ ಹಿಡಿದು ನಿಲ್ಲಿಸಿದರು.

"ಅನಗವಾಡಿ ಊರಾಗ ಅಮಸಿದ್ದಪ್ಪ ಅಂತಿದ್ದ, ಕುರಿ ಕಾಯಾಂವ. ನೀವು ಬರೂ ಮೊದಲಿನ ಮಾತು. ಅವಂದೂ ಹಿಂಗ ಹರೀತು, ಕಣ್ಣ ಉಳೀಲಿಲ್ಲ. ಎಲ್ಲಾ ಛಲೋ ನಡದೈತಿ ಅಂತ ಅವನ ಕೈ ಹಿಡದ ಹೇಳಿದಾಕಿ ನಾನ. ಅವನೂ ನನ್ನಂಗನ 'ಹೂಂ ಯವ್ವಾ' ಅಂದಾ." ಪದ್ಮವ್ವ ಕಣ್ಣು ಮುಚ್ಚಿದಳು. "ಇಷ್ಟ ವರ್ಷ ಆಂವ ನಂಬಿದ್ದ ಅಂತ ತಿಳದಿದ್ನಿ."